ಮೂಡಲ್: ಸಹೋದ್ಯೋಗಿಯ ಕೋರ್ಸಿನಿಂದ ತಂದ ಚಿತ್ರಗಳು ನನಗೆ ಕಾಣುತ್ತವೆ, ವಿದ್ಯಾರ್ಥಿಗಳಿಗೆ ಕಾಣಲ್ಲ

ಬೀಜಗಣಿತ_ಟೀಚರ್:
ನಮ್ಮ ಆನ್‌ಲೈನ್ ಪಾಠಗಳಿಗೆ ಬಳಸುವ ತಂತ್ರಾಂಶ ಮೂಡಲ್ 4.1. ಒಂದೇ ವಿಷಯವನ್ನು ನಾನೊಂದು ಸೆಕ್ಷನ್‌ಗೆ, ಸಹೋದ್ಯೋಗಿ ಇನ್ನೊಂದು ಸೆಕ್ಷನ್‌ಗೆ ಹೇಳಿಕೊಡುತ್ತೇವೆ. ಅವರ ಕೋರ್ಸ್ ಚೆನ್ನಾಗಿದೆ. ಬೇಕಾದ್ದು ತಗೊಳ್ಳಿ ಅಂತ ಅವರೇ ಹೇಳಿದರು. ಪಾಠದ ಪುಟಗಳು, ಕ್ವಿಜ್ ಎಲ್ಲ ತಂದೆ. ನನ್ನ ಲಾಗಿನ್‌ನಲ್ಲಿ ಎಲ್ಲ ಸರಿ ಇದೆ. ಆದರೆ 3 ಪುಟಗಳಲ್ಲಿ ಗ್ರಾಫ್ ಚಿತ್ರಗಳು ವಿದ್ಯಾರ್ಥಿಗಳಿಗೆ ಬರುತ್ತಿಲ್ಲ, ಆ ಜಾಗದಲ್ಲಿ ಒಡೆದ ಐಕಾನ್ ಅಷ್ಟೇ. 'ಸ್ವಿಚ್ ರೋಲ್' ಒತ್ತಿ ವಿದ್ಯಾರ್ಥಿಯಾಗಿ ನೋಡಿದರೂ ನನಗೆ ಚಿತ್ರ ಕಾಣುತ್ತೆ! ಬ್ರೌಸರ್ ಕ್ಯಾಶ್ ಅಳಿಸೋಕೆ ಹೇಳಿದೆ, ಅಳಿಸಿದರು, ಏನೂ ಬದಲಾಗಲಿಲ್ಲ.

ಮೊಬೈಲ್_ಪಾಠ:
ನಿಮ್ಮ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಯ ಕೋರ್ಸಿಗೆ ಸೇರಿಸಿಬಿಡಿ. ಎರಡು ನಿಮಿಷದ ಕೆಲಸ.

ಸರ್ವರ್_ಕಾವಲು:
ದಯವಿಟ್ಟು ಬೇಡ. ಚಿತ್ರ ಬರುತ್ತೆ, ನಿಜ. ಜೊತೆಗೆ ಆ ಸೆಕ್ಷನ್‌ನ ಪ್ರಕಟಣೆ, ಅಸೈನ್‌ಮೆಂಟ್ ಗಡುವು ಎಲ್ಲ ಇವರ ವಿದ್ಯಾರ್ಥಿಗಳ ತಲೆಗೂ ಬೀಳುತ್ತೆ. ಮೇಡಂ, ಒಂದು ಪ್ರಶ್ನೆ: ಆ 3 ಪುಟಗಳನ್ನೂ, ಬೇರೆ ಕೋರ್ಸಿನಿಂದ ಪಾಠ ತರಲು ಮೂಡಲ್‌ನಲ್ಲೇ ಇರುವ ಇಂಪೋರ್ಟ್‌ನಲ್ಲೇ ತಂದಿರಾ? ಇಲ್ಲಿ ಕಾಪಿ-ಪೇಸ್ಟ್ ವಾಸನೆ ಬರ್ತಿದೆ.

ಬೀಜಗಣಿತ_ಟೀಚರ್:
ಸಿಕ್ಕಿಬಿದ್ದೆ ಸರ್. ಮೊದಲು ಇಂಪೋರ್ಟ್ ಪಟ್ಟಿಯಲ್ಲಿ ಅವರ ಕೋರ್ಸೇ ಇರಲಿಲ್ಲ. ಕಾಯೋಕೆ ತಾಳ್ಮೆ ಇಲ್ಲದೆ 3 ಪುಟ ಕಾಪಿ ಮಾಡಿ ನನ್ನ ಪುಟಗಳಲ್ಲಿ ಅಂಟಿಸಿದೆ. ಆಮೇಲೆ ನೋಡಿದರೆ ಅವರು ನನ್ನನ್ನು ಅವರ ಕೋರ್ಸಿಗೆ 'ನಾನ್-ಎಡಿಟಿಂಗ್ ಟೀಚರ್' (ಪಾಠ ತಿದ್ದುವ ಅಧಿಕಾರ ಇಲ್ಲದ ಟೀಚರ್) ಅಂತ ಸೇರಿಸಿದ್ದರು. 'ಟೀಚರ್' ಮಾಡಿದ ಮೇಲೆ ಪಟ್ಟಿಯಲ್ಲಿ ಬಂತು, ಉಳಿದದ್ದನ್ನು ಇಂಪೋರ್ಟ್ ಮಾಡಿದೆ.

ಸರ್ವರ್_ಕಾವಲು:
ಹಾಗಾದರೆ ಕಾಯಿಲೆ ಗೊತ್ತಾಯಿತು. ಇಂಪೋರ್ಟ್ ಮಾಡಿದರೆ ಚಿತ್ರದ ಫೈಲೂ ನಿಮ್ಮ ಕೋರ್ಸಿಗೆ ಬರುತ್ತೆ. ಪೇಸ್ಟ್ ಮಾಡಿದರೆ ಬರುವುದು ಚಿತ್ರದ ವಿಳಾಸ ಮಾತ್ರ, ಫೈಲ್ ಅವರ ಕೋರ್ಸಿನಲ್ಲೇ ಕೂತಿರುತ್ತೆ. ನೀವು ಎರಡೂ ಕಡೆ ಇದ್ದೀರಿ, ಮೂಡಲ್ ನಿಮ್ಮನ್ನು ಒಳಗೆ ಬಿಡುತ್ತೆ. ವಿದ್ಯಾರ್ಥಿಗಳನ್ನು ಬಾಗಿಲಲ್ಲೇ ತಡೆಯುತ್ತೆ.

ಸ್ವಿಚ್ ರೋಲ್ ನಿಮಗೆ ಮೋಸ ಮಾಡಿದ್ದೂ ಇದಕ್ಕೇ. ಅದು ನಿಮ್ಮ ಕೋರ್ಸಿನೊಳಗೆ ಮಾತ್ರ ವೇಷ ಬದಲಿಸುತ್ತೆ. ಅವರ ಕೋರ್ಸಿನಲ್ಲಿ ನೀವು ಆಗಲೂ ಟೀಚರೇ. ನಿಮ್ಮ ಕೋರ್ಸಿಗೆ ಮಾತ್ರ ಸೇರಿಸಿದ ಒಂದು ಪರೀಕ್ಷಾ ಖಾತೆ ಇಟ್ಟುಕೊಳ್ಳಿ, ಇಂಥದ್ದಕ್ಕೆಲ್ಲ ಅದೇ ಸರಿ.

ಯಾವ ಚಿತ್ರ ಯಾರದ್ದು ಅಂತ ಹೀಗೆ ಹುಡುಕಿ. ಪುಟವನ್ನು ಎಡಿಟ್‌ಗೆ ತೆರೆದು ಎಚ್‌ಟಿಎಂಎಲ್ ಬಟನ್ ಒತ್ತಿ. ಚಿತ್ರದ ವಿಳಾಸದಲ್ಲಿ 'ಡ್ರಾಫ್ಟ್‌ಫೈಲ್' ಅಂತಿದ್ದರೆ ಅದು ನಿಮ್ಮದೇ. ಎಡಿಟ್ ಮಾಡುವಾಗಲೂ 'ಪ್ಲಗಿನ್‌ಫೈಲ್' ಅಂತಲೇ ಇದ್ದು, ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಅದು ಬೇರೆ ಕಡೆಯಿಂದ ಬರುತ್ತಿದೆ. ಅಂಥವನ್ನು ಕಂಪ್ಯೂಟರಿಗೆ ಸೇವ್ ಮಾಡಿ, ಎಡಿಟರ್‌ನ ಚಿತ್ರದ ಬಟನ್‌ನಿಂದಲೇ ಮತ್ತೆ ಅಪ್‌ಲೋಡ್ ಮಾಡಿ. ಪುಟದಲ್ಲಿ ನೀವೇನೂ ತಿದ್ದಿಲ್ಲ ಅಂದರೆ ಇಷ್ಟು ಕಷ್ಟ ಬೇಡ. ಅದನ್ನು ಅಳಿಸಿ, ಆ ಪುಟವೊಂದಕ್ಕೇ ಟಿಕ್ ಹಾಕಿ ಇಂಪೋರ್ಟ್ ಮಾಡಿ.

ನಾಳೆ ಮಾಡೋಣ ಅಂತ ಬಿಡಬೇಡಿ. ಅವರ ಕೋರ್ಸನ್ನು ಯಾರಾದರೂ ಡಿಲೀಟ್ ಮಾಡಿದ ದಿನ ನಿಮಗೂ ಚಿತ್ರ ಇರಲ್ಲ.

ಬೀಜಗಣಿತ_ಟೀಚರ್:
ಮಾಡಿದೆ ಸರ್. 2 ಪುಟ ಮತ್ತೆ ಇಂಪೋರ್ಟ್ ಮಾಡಿದೆ. ಮೂರನೇದರಲ್ಲಿ ನನ್ನ ಲೆಕ್ಕಗಳನ್ನು ಸೇರಿಸಿದ್ದೆ, ಹಾಗಾಗಿ 11 ಚಿತ್ರಗಳನ್ನು ಒಂದೊಂದಾಗಿ ಹಾಕಿದೆ. ಪರೀಕ್ಷಾ ಖಾತೆಯಲ್ಲಿ ಎಲ್ಲ ಕಾಣುತ್ತಿದೆ. ಆದರೆ ಅದೇ ಪುಟದ ಕೊನೆಯಲ್ಲಿರುವ 'ಈಗ ಕ್ವಿಜ್ ಬರೆಯಿರಿ' ಲಿಂಕ್ ಒತ್ತಿದರೆ ನೀವು ಈ ಕೋರ್ಸಿಗೆ ಸೇರಿಲ್ಲ ಅನ್ನುತ್ತೆ.

ಸರ್ವರ್_ಕಾವಲು:
ಅದೂ ಪೇಸ್ಟ್ ಜೊತೆ ಬಂದದ್ದು, ಅವರ ಕ್ವಿಜ್‌ನ ವಿಳಾಸ. ನಿಮ್ಮ ಕ್ವಿಜ್ ತೆರೆದು ಅದರ ವಿಳಾಸ ಹಾಕಿ. ಹಾಗೇ ಕ್ವಿಜ್ ಶುರುವಾಗುವ, ಮುಗಿಯುವ ದಿನಾಂಕಗಳನ್ನೂ ನೋಡಿಬಿಡಿ, ಹೋದ ವರ್ಷದ್ದೇ ಇರಬಹುದು.

ಬೀಜಗಣಿತ_ಟೀಚರ್:
ಹೋದ ವರ್ಷದ್ದೇ ಇತ್ತು! ಎರಡನ್ನೂ ಸರಿ ಮಾಡಿದೆ. ಥ್ಯಾಂಕ್ಸ್ ಸರ್.