ಇಎಲ್84 ಸ್ಟೀರಿಯೋ ಆಂಪ್ಲಿಫೈಯರ್‌ನ ಪವರ್ ಸಪ್ಲೈ: ಮೊದಲ ಕೆಪ್ಯಾಸಿಟರ್ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ಹಿಂದೆ ತಯಾರಾಗುತ್ತಿದ್ದ ಇಎಲ್84 ವಾಲ್ವ್‌ಗಳು (ಸ್ಪೀಕರ್ ನಡೆಸುವ ನಿರ್ವಾತ ನಳಿಕೆಗಳು) ಎರಡು ಮತ್ತು ಅವುಗಳಿಗೆ ಮುಂಚಿನ ಹಂತದ ಚಿಕ್ಕ ವಾಲ್ವ್ ಇಸಿಸಿ83 ಒಂದು ನನ್ನ ಬಳಿ ಇವೆ. ಅವುಗಳಿಂದ ಸಿಂಗಲ್ ಎಂಡೆಡ್ (ಪ್ರತಿ ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್ ಇರುವ) ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟಬೇಕೆಂದಿದ್ದೇನೆ. ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ಆಗಿ ಇಝಡ್81 ವಾಲ್ವ್ ಇದೆ. 250-0-250 ವೋಲ್ಟ್‌ನ (ನಡುಟ್ಯಾಪ್‌ನಿಂದ ಎರಡೂ ಕಡೆಗೆ 250 ವೋಲ್ಟ್ ಕೊಡುವ) ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ರೆಕ್ಟಿಫೈಯರ್ ಆದ ಕೂಡಲೇ 220 ಮೈಕ್ರೋಫ್ಯಾರಡ್, ನಂತರ 220 ಓಮ್ ರೆಸಿಸ್ಟರ್, ಅದರ ಮುಂದೆ ಇನ್ನೊಂದು 220 ಮೈಕ್ರೋಫ್ಯಾರಡ್ ಹಾಕುವುದು ನನ್ನ ಯೋಚನೆ. ಕೆಪ್ಯಾಸಿಟರ್ ದೊಡ್ಡದಾದಷ್ಟೂ ಹಮ್ (ಸ್ಪೀಕರ್‌ನಲ್ಲಿ ಕೇಳುವ ಮೇನ್ಸ್‌ನ ಗುಂಯ್ ಸದ್ದು) ಕಡಿಮೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಆ ರೆಸಿಸ್ಟರ್ ಬದಲು ಚೋಕ್ (ಕಬ್ಬಿಣದ ತಿರುಳಿನ ಸುರುಳಿ) ಹಾಕಿದರೆ ಆಗುವ ಭಾರ ಮತ್ತು ಖರ್ಚು ನಿಜವಾಗಿಯೂ ಅಗತ್ಯವೇ? ನಮ್ಮ ಊರಿನಲ್ಲಿ ರಾತ್ರಿ ಹತ್ತರ ನಂತರ ಕರೆಂಟ್ 245 ವೋಲ್ಟ್ ದಾಟುತ್ತದೆ ಎಂಬುದನ್ನೂ ಗಮನಕ್ಕೆ ತರುತ್ತಿದ್ದೇನೆ.

ಮೊದಲ ಉತ್ತರ

ನಿಮ್ಮ ನಕ್ಷೆಯಲ್ಲಿ ಮೊದಲು ಬದಲಾಗಬೇಕಾದದ್ದು ಆ ಮೊದಲ ಕೆಪ್ಯಾಸಿಟರ್. ಇಝಡ್81ರ ಮುಂದೆ 50 ಮೈಕ್ರೋಫ್ಯಾರಡ್‌ಗಿಂತ ಹೆಚ್ಚು ಇಡಬಾರದೆಂದು ಅದರ ಡೇಟಾ ಶೀಟ್‌ನಲ್ಲಿಯೇ ಇದೆ. ಕೆಪ್ಯಾಸಿಟರ್ ದೊಡ್ಡದಾದಂತೆ ಅದು ಅಲೆಯ ತುದಿಯಲ್ಲಿ ಮಾತ್ರ, ಬಹಳ ಚಿಕ್ಕ ಅವಧಿಯಲ್ಲಿ, ಬಹಳ ದೊಡ್ಡ ಕರೆಂಟ್ ಎಳೆದು ತುಂಬಿಕೊಳ್ಳುತ್ತದೆ. ಆ ಹೊಡೆತವನ್ನು ತಾಳಬೇಕಾದದ್ದು ರೆಕ್ಟಿಫೈಯರ್‌ನ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಸೂಸುವ ಭಾಗ), ಅದರ ಜೊತೆಗೆ ಬಿಸಿಯಾಗುವುದು ಟ್ರಾನ್ಸ್‌ಫಾರ್ಮರ್. ಆದ್ದರಿಂದ 47 ಮೈಕ್ರೋಫ್ಯಾರಡ್ ಹಾಕಿ.

ವೋಲ್ಟೇಜಿನ ಲೆಕ್ಕವನ್ನು ವಾಲ್ವ್‌ನಿಂದ ಹಿಂದಕ್ಕೆ ಮಾಡುವುದು ಸರಿಯಾದ ಕ್ರಮ. ಇಎಲ್84 ಒಂದಕ್ಕೆ 250 ವೋಲ್ಟ್‌ನಲ್ಲಿ ಆನೋಡ್ (ಎಲೆಕ್ಟ್ರಾನ್‌ಗಳು ಬಂದು ಸೇರುವ ತಗಡು) ಕರೆಂಟ್ 48, ಸ್ಕ್ರೀನ್ (ಆನೋಡ್‌ಗೆ ಮುಂಚೆ ಇರುವ ಜಾಲರಿ) ಕರೆಂಟ್ 5.5 ಮಿಲಿಆಂಪಿಯರ್ ಆಗುತ್ತದೆ. ಎರಡು ವಾಲ್ವ್ ಮತ್ತು ಇಸಿಸಿ83 ಸೇರಿ ಸುಮಾರು 110 ಮಿಲಿಆಂಪಿಯರ್. ಇದು ಇಝಡ್81ರ 150 ಮಿಲಿಆಂಪಿಯರ್ ಮಿತಿಯೊಳಗಿದೆ. ಆದರೆ 250 ವೋಲ್ಟ್ ಮತ್ತು 48 ಮಿಲಿಆಂಪಿಯರ್‌ಗಳ ಗುಣಲಬ್ಧ 12 ವಾಟ್, ಅಂದರೆ ಆ ವಾಲ್ವ್‌ನ ಆನೋಡ್ ತಡೆದುಕೊಳ್ಳಬಲ್ಲ ಗರಿಷ್ಠ. ರಾತ್ರಿ ಕರೆಂಟ್ ಏರಿದಾಗ ಮಿತಿ ಮೀರುವುದು ಖಂಡಿತ. ನಿಮ್ಮ 250-0-250 ಟ್ರಾನ್ಸ್‌ಫಾರ್ಮರ್ ಇಝಡ್81ರೊಂದಿಗೆ ಲೋಡ್‌ನಲ್ಲಿ ಸುಮಾರು 265ರಿಂದ 270 ವೋಲ್ಟ್ ಕೊಡುತ್ತದೆ. ಚೋಕ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಮತ್ತು ಕ್ಯಾಥೋಡ್ ರೆಸಿಸ್ಟರ್‌ಗಳಲ್ಲಿ ಮೂವತ್ತು ವೋಲ್ಟ್‌ನಷ್ಟು ಕಳೆದು ವಾಲ್ವ್‌ಗೆ ಉಳಿಯುವುದು 235ರ ಆಸುಪಾಸು. ಪುಸ್ತಕದ ಲೆಕ್ಕಕ್ಕಿಂತ ಇದು ಸ್ವಲ್ಪ ಕಡಿಮೆ, ಆದರೆ ಹಳೆಯ ವಾಲ್ವ್‌ಗಳಿಗೆ ಇದೇ ಹಿತ. ಕಳೆದುಹೋಗುವ ಅರ್ಧ ವಾಟ್ ಕಿವಿಗೆ ತಿಳಿಯುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಸುತ್ತುವವರಿಗೆ ಹೈ ವೋಲ್ಟೇಜ್ ವೈಂಡಿಂಗ್ 150 ಮಿಲಿಆಂಪಿಯರ್ ಎಂದು ಹೇಳಿ. ಹೀಟರ್‌ಗಳ ಒಟ್ಟು ಮೊತ್ತ, ಇಝಡ್81ರ 1 ಆಂಪಿಯರ್ ಸೇರಿ, 2.8 ಆಂಪಿಯರ್ ಆಗುವುದರಿಂದ 6.3 ವೋಲ್ಟ್ ವೈಂಡಿಂಗ್ ಕನಿಷ್ಠ 3.5 ಆಂಪಿಯರ್‌ನದಾಗಿರಲಿ. ಪ್ರೈಮರಿಯಲ್ಲಿ 230ರ ಜೊತೆಗೆ 245 ವೋಲ್ಟ್‌ಗೆ ಇನ್ನೊಂದು ಟ್ಯಾಪ್ ಬಿಡಿಸಿಕೊಂಡರೆ ನಿಮ್ಮ ಊರಿನ ರಾತ್ರಿಯ ಸಮಸ್ಯೆಗೆ ಅಗ್ಗದ ಪರಿಹಾರ ಸಿಕ್ಕಂತಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಚೋಕ್ ಏಕೆ ಬೇಕೆಂಬುದನ್ನು ಅಂಕಿಗಳಲ್ಲಿ ನೋಡೋಣ. 110 ಮಿಲಿಆಂಪಿಯರ್ ಲೋಡ್‌ಗೆ 47 ಮೈಕ್ರೋಫ್ಯಾರಡ್ ಮೇಲೆ 100 ಹರ್ಟ್ಸ್‌ನ ಏರಿಳಿತ ಸುಮಾರು 23 ವೋಲ್ಟ್ ಇರುತ್ತದೆ. ಅದರ ಮುಂದೆ 220 ಓಮ್ ಮತ್ತು 100 ಮೈಕ್ರೋಫ್ಯಾರಡ್ ಇಟ್ಟರೆ ಏರಿಳಿತ ಹದಿನಾಲ್ಕು ಪಟ್ಟು ತಗ್ಗಿ 1.7 ವೋಲ್ಟ್ ಉಳಿಯುತ್ತದೆ, ಜೊತೆಗೆ 24 ವೋಲ್ಟ್ ವ್ಯರ್ಥವಾಗುತ್ತದೆ. ಅದೇ ಜಾಗದಲ್ಲಿ 10 ಹೆನ್ರಿಯ ಚೋಕ್ ಇಟ್ಟರೆ ಏರಿಳಿತ ನಾನೂರು ಪಟ್ಟಿನಷ್ಟು ತಗ್ಗಿ 60 ಮಿಲಿವೋಲ್ಟ್‌ಗೆ ಇಳಿಯುತ್ತದೆ, ನಷ್ಟ ಹದಿಮೂರು ವೋಲ್ಟ್ ಮಾತ್ರ. ಪುಶ್ ಪುಲ್ (ಎರಡು ವಾಲ್ವ್ ಜೋಡಿಯಾಗಿ ಎದುರುಬದುರು ಕೆಲಸ ಮಾಡುವ) ಆಂಪ್ಲಿಫೈಯರ್ ಆಗಿದ್ದರೆ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಎರಡು ಅರ್ಧಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ರದ್ದಾಗುತ್ತಿತ್ತು. ಸಿಂಗಲ್ ಎಂಡೆಡ್‌ನಲ್ಲಿ ಆ ಸೌಲಭ್ಯವಿಲ್ಲ.

ಆದರೂ ಚೋಕ್ ಕೊಳ್ಳಲು ಮನಸ್ಸಿಲ್ಲದವರಿಗೆ ಒಂದು ದಾರಿಯಿದೆ. ಇಎಲ್84ರಂತಹ ಪೆಂಟೋಡ್‌ನಲ್ಲಿ (ಐದು ಎಲೆಕ್ಟ್ರೋಡ್‌ಗಳ ವಾಲ್ವ್‌ನಲ್ಲಿ) ಹಮ್ ಮುಖ್ಯವಾಗಿ ಒಳಬರುವುದು ಸ್ಕ್ರೀನ್ ಗ್ರಿಡ್ ಮೂಲಕ. ಇಎಲ್84ರ ಒಳ ಪ್ರತಿರೋಧ ಸುಮಾರು 40 ಕಿಲೋಓಮ್, ಲೋಡ್ 5.2 ಕಿಲೋಓಮ್ ಆದ್ದರಿಂದ ಆನೋಡ್ ಕಡೆಯ ಒಂದು ವೋಲ್ಟ್ ಏರಿಳಿತದಲ್ಲಿ ಎಂಟನೆಯ ಒಂದು ಭಾಗದಷ್ಟೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ ಕಾಣಿಸುವುದಿಲ್ಲ. ಸ್ಕ್ರೀನ್ ಮೇಲಿನ ಒಂದು ವೋಲ್ಟ್ ಮಾತ್ರ ಎರಡೂವರೆ ವೋಲ್ಟ್‌ಗೂ ಮೀರಿ ಬೆಳೆದು ಅಲ್ಲಿಗೆ ತಲುಪುತ್ತದೆ. ಹಾಗಾಗಿ ಎರಡೂ ಸ್ಕ್ರೀನ್‌ಗಳಿಗೆ 1 ಕಿಲೋಓಮ್ ಮತ್ತು 47 ಮೈಕ್ರೋಫ್ಯಾರಡ್‌ನ ಪ್ರತ್ಯೇಕ ಹಂತವೊಂದನ್ನು ಕೊಡಿ, ಇಸಿಸಿ83ಕ್ಕೆ ಅದರ ಮುಂದಿನ ಹಂತದಿಂದ ಕೊಡಿ. ನನ್ನ ಅಭಿಪ್ರಾಯದಲ್ಲಿ ಈ ಹಂತ ಚೋಕ್ ಇದ್ದರೂ ಇರಬೇಕು.

ವಾಲ್ವ್ ರೆಕ್ಟಿಫೈಯರ್ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಎರಡು 1ಎನ್4007 ಡಯೋಡ್‌ಗಳು ಅದೇ ಕೆಲಸವನ್ನು ಮಾಡುತ್ತವೆ. ಆದರೆ ಅವುಗಳಿಗೆ ಸುಮಾರು 210-0-210 ವೋಲ್ಟ್ ಸಾಕು. 250-0-250 ಇಟ್ಟುಕೊಂಡೇ ಡಯೋಡ್ ಹಾಕಿದರೆ 320 ವೋಲ್ಟ್‌ನಷ್ಟು ಬಂದು ಇಎಲ್84ರ ಆನೋಡ್ ಅತಿಯಾಗಿ ಕಾದು ಕೆಂಪಗಾಗುತ್ತದೆ. ನಿಮ್ಮ ಬಳಿ ಇಝಡ್81 ಇದೆಯೆಂದಾದರೆ ಬಳಸಿ. ಅದು ನಿಧಾನವಾಗಿ ಕಾಯುವುದರಿಂದ ಉಳಿದ ವಾಲ್ವ್‌ಗಳು ಬಿಸಿಯಾಗುವ ಮೊದಲೇ ಪೂರ್ಣ ವೋಲ್ಟೇಜ್ ಬೀಳುವುದು ತಪ್ಪುತ್ತದೆ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. 10 ಹೆನ್ರಿಯ ಚೋಕ್ ಹಾಕುವುದೆಂದು ತೀರ್ಮಾನಿಸಿದ್ದೇನೆ. ಕೆಪ್ಯಾಸಿಟರ್‌ಗಳು 350 ವೋಲ್ಟ್‌ನವಾದರೆ ಸಾಕಾಗುವುದಿಲ್ಲವೇ? ಗ್ರೌಂಡ್ ಎಲ್ಲಿ ಜೋಡಿಸಬೇಕು?

ಮೂರನೆಯ ಉತ್ತರ

350 ಸಾಲದು. ವಾಲ್ವ್‌ಗಳು ಕರೆಂಟ್ ಎಳೆಯದಿರುವಾಗ 250 ವೋಲ್ಟ್‌ನ ತುದಿ 353ಕ್ಕೆ ಏರುತ್ತದೆ. ಮೇನ್ಸ್ ಏರಿಕೆಯೂ ಸೇರಿದರೆ 400ರ ಹತ್ತಿರ. ಆದ್ದರಿಂದ 450 ವೋಲ್ಟ್‌ನವನ್ನೇ ತನ್ನಿ.

ಗ್ರೌಂಡ್ ವಿಷಯದಲ್ಲಿ ಒಂದು ತಂತಿಯ ಜಾಗ ಎಲ್ಲಕ್ಕಿಂತ ಮುಖ್ಯ. ಟ್ರಾನ್ಸ್‌ಫಾರ್ಮರ್‌ನ ನಡುಟ್ಯಾಪ್‌ನಿಂದ ಹೊರಟ ತಂತಿ ಷಾಸಿಗೆ (ಲೋಹದ ಚೌಕಟ್ಟಿಗೆ) ಹೋಗದೆ, ಮೊದಲ ಕೆಪ್ಯಾಸಿಟರ್‌ನ ಮೈನಸ್ ಕಾಲಿಗೆ ನೇರವಾಗಿ ಬರಬೇಕು. ಆಂಪ್ಲಿಫೈಯರ್‌ನ ಗ್ರೌಂಡ್ ತಂತಿ ಎರಡನೆಯ ಕೆಪ್ಯಾಸಿಟರ್‌ನ ಮೈನಸ್ ಕಾಲಿನಿಂದ ಹೊರಡಬೇಕು. ಚಾರ್ಜಿಂಗ್ ಕರೆಂಟ್‌ನ ಹೊಡೆತಗಳು ಹರಿಯುವ ತುಂಡು ತಂತಿಯಲ್ಲಿ ಇನ್‌ಪುಟ್ ಗ್ರೌಂಡ್ ಪಾಲು ಪಡೆದರೆ, ಎಷ್ಟೇ ದೊಡ್ಡ ಚೋಕ್ ಇಟ್ಟರೂ 100 ಹರ್ಟ್ಸ್‌ನ ಗುಂಯ್ ಸದ್ದು ಹೋಗುವುದಿಲ್ಲ. ಕೇಳುತ್ತಿರುವುದು ಅದಕ್ಕಿಂತ ತಗ್ಗಿನ, 50 ಹರ್ಟ್ಸ್‌ನ ಸದ್ದಾಗಿದ್ದರೆ ಹೀಟರ್ ತಂತಿಗಳನ್ನು ಹೊಸೆದಿದ್ದೀರೇ, ಹೀಟರ್ ವೈಂಡಿಂಗ್‌ನ ಎರಡು ತುದಿಗಳಿಂದ ಎರಡು 100 ಓಮ್ ರೆಸಿಸ್ಟರ್‌ಗಳು ಗ್ರೌಂಡ್‌ಗೆ ಹೋಗಿವೆಯೇ ಎಂದು ಪರೀಕ್ಷಿಸಿ.

ಷಾಸಿಯನ್ನು ಮೂರು ಪಿನ್ ಪ್ಲಗ್‌ನ ಅರ್ತ್‌ಗೆ ಬೋಲ್ಟ್ ಹಾಕಿ ಬಿಗಿಯಿರಿ. ಮೊದಲ ಕೆಪ್ಯಾಸಿಟರ್‌ಗೆ ಅಡ್ಡಲಾಗಿ 100 ಕಿಲೋಓಮ್, 3 ವಾಟ್‌ನ ರೆಸಿಸ್ಟರ್ ಇರಲಿ. ಆದರೂ ಸ್ವಿಚ್ ಆರಿಸಿದ ಮೇಲೆ ಒಂದೆರಡು ನಿಮಿಷ ಬಿಟ್ಟು, ಮೀಟರ್ ಹಿಡಿದು ನೋಡದೆ ಒಳಗೆ ಕೈ ಹಾಕಬೇಡಿ. ಮೊದಲ ಬಾರಿ ಕರೆಂಟ್ ಕೊಡುವಾಗ ರೇಡಿಯೋ ರಿಪೇರಿಯವರಂತೆ 60 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಒಂದನ್ನು ಸೀರೀಸ್‌ನಲ್ಲಿ ಇಡಿ. ವಾಲ್ವ್ ಒಂದನ್ನೂ ಹಾಕದಿರುವಾಗಲೇ ಬಲ್ಬ್ ಪೂರ್ಣವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆಯೆಂದು ತಿಳಿಯಿರಿ. ಹಾಗಾಗದಿದ್ದರೆ ಇಝಡ್81 ಹಾಕಿ ಮತ್ತೊಮ್ಮೆ ನೋಡಿ, ಇಎಲ್84ಗಳನ್ನು ಕೊನೆಗೆ ಹಾಕಿ.