ಪದಚರ್ಚೆ: ‘ಹಿಲ್‌ಫೋರ್ಟ್’ಗೆ ಗಿರಿದುರ್ಗ ಸರಿಯೇ?

ಪ್ರಶ್ನೆ:
ಚಿತ್ರದುರ್ಗ ಜಿಲ್ಲೆಯ ಪ್ರಾಚೀನ ನೆಲೆ ಬ್ರಹ್ಮಗಿರಿಯನ್ನು ಕುರಿತ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್, 1934ರಿಂದ 1937ರವರೆಗೆ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೇಡನ್ ಕ್ಯಾಸಲ್ ಎಂಬ ಕಬ್ಬಿಣಯುಗದ ಹಿಲ್‌ಫೋರ್ಟನ್ನು ಅಗೆಸಿದ್ದರು. ಮೂಲದಲ್ಲಿ ‘ಗ್ರಾಮೀಣ ಪ್ಯಾರಿಷ್ ಒಂದರಲ್ಲಿನ ಹಿಲ್‌ಫೋರ್ಟ್ ಅವಶೇಷ’ ಎಂದಿದೆ. ‘ಗಿರಿದುರ್ಗ’ ಎಂದು ಬರೆದಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1:
ಒಪ್ಪದಿರಲು ಕಾರಣವಿಲ್ಲ. ಮನುಸ್ಮೃತಿ ಎಣಿಸುವ ಆರು ದುರ್ಗಗಳಲ್ಲಿ ಗಿರಿದುರ್ಗವೂ ಒಂದು. ಪ್ಯಾರಿಷ್‌ಗೆ ‘ಧರ್ಮಕೇಂದ್ರ’.

ಉತ್ತರ 2:
ಎರಡೂ ತಪ್ಪು. ಅಲ್ಲಿನ ಪ್ಯಾರಿಷ್ ಚರ್ಚಿನ ವ್ಯಾಪ್ತಿ ಮಾತ್ರವಲ್ಲ, ಸ್ಥಳೀಯ ಆಡಳಿತದ ತೀರ ಕೆಳಗಿನ ಘಟಕವೂ ಹೌದು, ‘ಗ್ರಾಮ’ ಸಾಕು. ಗಿರಿದುರ್ಗವೆಂದೊಡನೆ ನಮ್ಮ ಓದುಗರ ಕಣ್ಣಿಗೆ ಕಟ್ಟುವುದು ಚಿತ್ರದುರ್ಗದ ಏಳು ಸುತ್ತಿನ ಕಲ್ಲುಕೋಟೆ, ಬತೇರಿ, ದಿಡ್ಡಿಬಾಗಿಲು. ಮೇಡನ್ ಕ್ಯಾಸಲ್‌ನಲ್ಲಿ ಹೆಸರಿನ ಹೊರತು ಕ್ಯಾಸಲ್ ಎಂಬುದೇ ಇಲ್ಲ. ಸುಮಾರು 19 ಹೆಕ್ಟೇರ್ ನೆಲವನ್ನು ಬಳಸಿಕೊಂಡು ಒಂದರ ಹಿಂದೊಂದು ಏರಿ, ನಡುನಡುವೆ ಆಳವಾದ ಅಗಳು. ಸುಣ್ಣದ ಬಿಳಿ ನೆಲವನ್ನು ತೋಡಿ, ತೋಡಿದ್ದನ್ನೇ ಪಕ್ಕಕ್ಕೆ ಒಟ್ಟಿ ಎಬ್ಬಿಸಿದ ಏರಿಗಳ ಮೇಲೆ ಈಗ ಹುಲ್ಲು ಹಬ್ಬಿದೆ. ಕಾವಲಿನವರು ಕೂಡಿಟ್ಟ ಸಾವಿರಾರು ಕವಣೆಗಲ್ಲುಗಳು, ಬಹುಪಾಲು ಕಡಲತೀರದ ನುಣುಪು ಬೆಣಚುಗಲ್ಲುಗಳು, ಅಲ್ಲಿ ರಾಶಿಯಾಗಿ ಸಿಕ್ಕಿವೆ. ಇಂಥದಕ್ಕೆ ಕೊಡಗಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಪದವಿದೆ: ಕಡಂಗ. ಗುಡ್ಡ, ಕಾಡುಗಳ ಮೇಲೆ ಹಾದುಹೋಗುವ ಯುದ್ಧಕಾಲದ ಅಗಳು ಮತ್ತು ಏರಿಗಳನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ. ವಿರಾಜಪೇಟೆಯ ಕಡೆ ಆ ಹೆಸರಿನ ಊರೇ ಇದೆ. ‘ಕಡಂಗಗುಡ್ಡ’ ಎನ್ನಿ. ಫಲಕದಲ್ಲಿ ‘ಕಂದಕ’ ಇದ್ದರೆ ತೆಗೆಯಿರಿ, ಅದು ಪಾರಸಿಯ ಖಂದಕ್. ನೆಲ ಅಗೆಯುವವರ ಬಾಯಲ್ಲಿ ಹುಟ್ಟಿದ ‘ಅಗಳು’ ನಮ್ಮದು.

ಉತ್ತರ 1ರವರಿಂದ:
ಸಂಸ್ಕೃತ ಬೇಡ, ಪಾರಸಿ ಬೇಡ, ಆದರೆ ಮೈಸೂರಿನ ಓದುಗ ಎಂದೂ ಕೇಳದ ಕೊಡವ ಪದ ಬೇಕು ಎಂಬುದು ಯಾವ ನ್ಯಾಯ? ಕಂದಕವನ್ನು ತಳ್ಳುವವರು ತಾಲ್ಲೂಕು, ಜಮೀನು, ವಕೀಲರನ್ನೂ ತಳ್ಳಲಿ.

ಉತ್ತರ 3:
ಕಡಂಗ ಒಳ್ಳೆಯ ಪದ, ಆದರೆ ಅದು ಬಹುಮಟ್ಟಿಗೆ ಗಡಿಗೆರೆಯಂತೆ ಉದ್ದಕ್ಕೆ ಸಾಗುತ್ತದೆ; ಮೇಡನ್ ಕ್ಯಾಸಲ್ ಗುಡ್ಡದ ನೆತ್ತಿಯನ್ನು ಸುತ್ತುಗಟ್ಟಿದ ಆವರಣ. ಕೋಟೆಯೆಂದರೆ ಕಲ್ಲಿನದೇ ಆಗಬೇಕೆಂಬ ಕಟ್ಟಳೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿನ ಕೋಟೆ ಮೊದಲು ಮಣ್ಣಿನದೇ ಆಗಿತ್ತು. ‘ಬೆಟ್ಟದಾವರೆ’ಯಲ್ಲಿ ತಕಾರ ದಕಾರವಾಗಿ ಆದೇಶಸಂಧಿ ಆಗುವಂತೆ ಇಲ್ಲಿಯೂ ಕಕಾರ ಗಕಾರವಾಗಬೇಕು: ‘ಗುಡ್ಡಗೋಟೆ’. ಮಣ್ಣೋ ಕಲ್ಲೋ ಎಂಬುದನ್ನು ವಿಶೇಷಣ ಹೇಳಲಿ.

ಪ್ರಶ್ನೆ ಕೇಳಿದವರಿಂದ:
‘ಡಾರ್ಸೆಟ್‌ನ ಗ್ರಾಮವೊಂದರಲ್ಲಿ, ಏರಿ ಮತ್ತು ಅಗಳುಗಳಿಂದ ಸುತ್ತುವರಿದ ಕಬ್ಬಿಣಯುಗದ ಗುಡ್ಡಗೋಟೆಯ ಅವಶೇಷ’ ಎಂದು ಅಚ್ಚಿಗೆ ಕಳುಹಿಸಿದ್ದೇನೆ. ಕಡಂಗವನ್ನು ಕೈಬಿಟ್ಟದ್ದಕ್ಕೆ ನನಗೂ ಬೇಸರವಿದೆ.