11 ಇಂಚಾ 13 ಇಂಚಾ? ಪಾಠಕ್ಕೂ, ಪ್ರಾಜೆಕ್ಟ್ ವರದಿ ತಿದ್ದೋಕೂ ಒಂದೇ ಟ್ಯಾಬ್ ಬೇಕು

ಲೆಡ್ಜರ್ ಮೇಡಂ, ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಅತಿಥಿ ಉಪನ್ಯಾಸಕಿ. ಮನೆ ಚನ್ನರಾಯಪಟ್ಟಣ, ದಿನಾ ಬಸ್ಸಿನಲ್ಲೇ ಓಡಾಟ. ಈ ಸಲ ಮಕ್ಕಳು ಪ್ರಾಜೆಕ್ಟ್ ವರದಿಗಳನ್ನೆಲ್ಲ ಪಿಡಿಎಫ್‌ನಲ್ಲೇ ಕಳಿಸುತ್ತಿದ್ದಾರೆ. ಒಂದೊಂದು 60-70 ಪುಟ, ಕೆಲವು ಇಂಗ್ಲಿಷ್, ಕೆಲವು ಕನ್ನಡ. ಲ್ಯಾಪ್‌ಟಾಪ್ ಮುಂದೆ ಕೂತು ಮೌಸ್‌ನಲ್ಲಿ ಕೆಂಪು ಗೀಟು ಎಳೆದೂ ಎಳೆದೂ ಮಣಿಕಟ್ಟು ಹಿಡಿದುಕೊಂಡಿದೆ, ಬರೆದ ಅಕ್ಷರ ನೋಡಿದರೆ ಡಾಕ್ಟರ ಚೀಟಿಗಿಂತ ಕಡೆ.

ಟ್ಯಾಬ್ ತಗೊಳ್ಳೋಣ ಅಂತ ಹೊರಟೆ. ಕ್ಲಾಸಿನಲ್ಲಿ ಪ್ರೊಜೆಕ್ಟರ್‌ಗೆ ಹಾಕಿ ಲೆಕ್ಕ ಬಿಡಿಸಿ ತೋರಿಸಬೇಕು, ಮನೆಯಲ್ಲಿ ವರದಿ ತಿದ್ದಬೇಕು. ಅಂಗಡಿಯವನು 13 ಅಂತಾನೆ, ಸ್ಟಾಫ್ ರೂಮಿನಲ್ಲಿ ಎಲ್ಲರೂ 11 ಸಾಕು ಅಂತಾರೆ. ಎರಡೇ ಇಂಚಿನ ವ್ಯತ್ಯಾಸ, ಆದರೆ ದುಡ್ಡು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಬಳಸಿದವರು ಹೇಳಿ ಪ್ಲೀಸ್.

ಬಿಎಂ ರೋಡ್ ಬಾಬು, ಹಾಸನ:

ಕಣ್ಣು ಮುಚ್ಚಿಕೊಂಡು 13 ತಗೊಳ್ಳಿ ಮೇಡಂ. ದೊಡ್ಡದಿದ್ದರೆ ಒಳ್ಳೇದೇ ಅಲ್ವಾ. ನನ್ನ ಮಗಳು ಅದರಲ್ಲೇ ಚಿತ್ರ ಬಿಡಿಸುತ್ತಾಳೆ, ಸೂಪರ್.

ಗಿರಿ ನೋಟ, ಚಿಕ್ಕಮಗಳೂರು:

ಬಾಬು ಸರ್, ಚಿತ್ರ ಬಿಡಿಸುವುದೇ ಬೇರೆ, ಬೇರೆಯವರು ಬರೆದದ್ದನ್ನು ತಿದ್ದುವುದೇ ಬೇರೆ.

ಮೇಡಂ, ಮೊದಲು ಇಂಚು ಮರೆತುಬಿಡಿ. ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಅಳತೆ. ನಿಮಗೆ ಬೇಕಾಗಿರುವುದು ಅಗಲ. ಎ4 ಹಾಳೆ 210 ಮಿಮೀ ಅಗಲ. ಈಗ ಸ್ಯಾಮ್ಸಂಗ್ ಟ್ಯಾಬ್ ಎಸ್9 ಎಫ್‌ಇ ನೋಡಿ, 10.9 ಇಂಚು, ನೆಟ್ಟಗೆ ಹಿಡಿದರೆ ಪರದೆಯ ಅಗಲ ಸುಮಾರು 147 ಮಿಮೀ. 10ನೇ ತಲೆಮಾರಿನ ಐಪ್ಯಾಡ್ ಕೂಡ 10.9 ಇಂಚೇ, ಆದರೆ ಅಗಲ 158. ಐಪ್ಯಾಡ್ ಸ್ವಲ್ಪ ಡುಮ್ಮ, ಸ್ಯಾಮ್ಸಂಗ್ ಸಿನಿಮಾ ನೋಡೋಕೆ ಮಾಡಿದ ಹಾಗೆ ಉದ್ದ, ಅದಕ್ಕೇ. 13 ಇಂಚಿನ ಐಪ್ಯಾಡ್ ಏರ್ 197 ಮಿಮೀ. ಸ್ಯಾಮ್ಸಂಗ್‌ನ 14.6 ಇಂಚಿನ ಅಲ್ಟ್ರಾ ಎಷ್ಟಿರಬಹುದು ಹೇಳಿ? 196! ಹೆಸರಿಗೆ ಒಂದೂವರೆ ಇಂಚು ಜಾಸ್ತಿ, ಪುಟ ಕಾಣುವುದು ಅಷ್ಟೇ ಅಗಲಕ್ಕೆ.

147 ಅಂದರೆ ಎ4 ಪುಟವನ್ನು 70%ಗೆ ಇಳಿಸಿದ ಹಾಗೆ. 12 ಪಾಯಿಂಟ್ ಅಕ್ಷರ 8.4 ಆಗಿಬಿಡುತ್ತದೆ. ಇಂಗ್ಲಿಷ್ ಆದರೆ ಹೇಗೋ ಓದಬಹುದು, ಕನ್ನಡದಲ್ಲಿ ಒತ್ತಕ್ಷರ ಮಾಯ. ನನ್ನದೇ ಕಥೆ ಕೇಳಿ. ಒಬ್ಬ ವಿದ್ಯಾರ್ಥಿನಿ ‘ಮೊತ್ತ’ ಅಂತ ಸರಿಯಾಗೇ ಬರೆದಿದ್ದಳು. ನನಗೆ ಅದು ‘ಮೊತ’ ಅಂತ ಕಂಡು, ಮೂರು ಪುಟದುದ್ದಕ್ಕೂ ಕೆಂಪು ಸುತ್ತು ಹಾಕಿ ಕಳಿಸಿದೆ. ಮರುದಿನ ಪ್ರಿಂಟ್ ಹಿಡಿದುಕೊಂಡೇ ಬಂದಳು. ಕಾಫಿ ಕೊಡಿಸಿ ಕಳಿಸಿದೆ, ಇನ್ನೇನು ಮಾಡಲಿ.

ಇದನ್ನು ಪರೀಕ್ಷೆ ಮಾಡೋಕೆ ಟ್ಯಾಬ್ ಬೇಕಿಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿ, ವರದಿಯ ಒಂದು ಪುಟವನ್ನು ಎ4ನಿಂದ ಎ5ಗೆ ಇಳಿಸಿ ಕೊಡಿ ಅನ್ನಿ. ಮೆಷಿನ್ನಿನಲ್ಲೇ 70 ಅಥವಾ 71% ಅಂತ ಇರುತ್ತದೆ. ಇನ್ನೊಂದನ್ನು 94%ಗೆ ತೆಗೆಸಿ. ಮೊದಲನೆಯದು ಸುಮಾರು 11 ಇಂಚಿನ ಸ್ಯಾಮ್ಸಂಗ್, ಎರಡನೆಯದು 13 ಇಂಚಿನ ಐಪ್ಯಾಡ್. ಎರಡನ್ನೂ ರಾತ್ರಿ ಊಟ ಆದಮೇಲೆ, ಕಣ್ಣು ದಣಿದಿರುವಾಗ ಓದಿ ನೋಡಿ. ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಮೂಡಿಗೆರೆ ಮಳೆ:

ಗಿರಿ ಸರ್ ಲೆಕ್ಕ ಸರಿ, ಆದರೆ ಅವರು ಕೂತು ಕೆಲಸ ಮಾಡುವವರು. ನಾನು ಪಿಯುಗೆ ಫಿಸಿಕ್ಸ್ ಹೇಳುವವನು, ಎಡಗೈಯಲ್ಲಿ ಟ್ಯಾಬ್ ಹಿಡಿದು ಬೆಂಚುಗಳ ಮಧ್ಯೆ ಓಡಾಡುತ್ತೇನೆ. ಎಸ್9 ಎಫ್‌ಇ 523 ಗ್ರಾಂ, 13 ಇಂಚಿನ ಏರ್ 617 ಗ್ರಾಂ. ನೂರು ಗ್ರಾಂ ಏನು ಮಹಾ ಅನ್ನಬೇಡಿ, ಮೇಲೆ ಕವರ್ ಹಾಕಿ ನಲವತ್ತು ನಿಮಿಷ ಒಂದೇ ಕೈಯಲ್ಲಿ ಹಿಡಿದು ನೋಡಿ ಆಮೇಲೆ ಮಾತಾಡೋಣ. ಮಕ್ಕಳು ನೋಡುವುದು ಗೋಡೆಯನ್ನು. ನಿಮ್ಮ ಕೈಯಲ್ಲಿ 11 ಇದ್ದರೇನು 13 ಇದ್ದರೇನು, ಗೋಡೆ ಮೇಲೆ ಅಷ್ಟೇ ದೊಡ್ಡದು.

ತಿದ್ದುವುದಕ್ಕೂ 11 ಸಾಲದು ಅಂತೇನಿಲ್ಲ. ಅಡ್ಡ ತಿರುಗಿಸಿ. ಅಗಲ ಸುಮಾರು 235 ಮಿಮೀ ಸಿಗುತ್ತದೆ, ಅಕ್ಷರ ಹಾಳೆಯಲ್ಲಿರುವುದಕ್ಕಿಂತ ದೊಡ್ಡದೇ ಕಾಣುತ್ತದೆ. ಒಂದು ಸಲಕ್ಕೆ ಅರ್ಧ ಪುಟಕ್ಕಿಂತ ಕಮ್ಮಿ ಬರುತ್ತದೆ, ಜರುಗಿಸಿಕೊಂಡು ಹೋಗಬೇಕು ಅಷ್ಟೇ. ನಿಮ್ಮ ಡೆಬಿಟ್ ಕ್ರೆಡಿಟ್ ಅಕ್ಕಪಕ್ಕ ಇರುವ ಲೆಕ್ಕಗಳಿಗೆ ಅಡ್ಡವೇ ಅನುಕೂಲ.

ಆದರೆ ಪೆನ್ ವಿಚಾರದಲ್ಲಿ ಮೋಸ ಹೋಗಬೇಡಿ. ‘ಸ್ಟೈಲಸ್ ನಡೆಯುತ್ತದೆ’ ಅಂತ ನಂಬಿಸಿ ರಬ್ಬರ್ ತುದಿಯ ಪೆನ್ ಕೊಟ್ಟಿದ್ದರು ನನಗೆ. ಅಂಗೈ ಊರಿದರೆ ಅದೂ ಬರೆಯುತ್ತದೆ. ಜುಲೈನಲ್ಲಿ ನಮ್ಮ ಕಡೆ ಕೈ ಯಾವತ್ತೂ ಒಣಗಿರುವುದೇ ಇಲ್ಲ, ಅದನ್ನು ಕೇಳಲೇಬೇಡಿ. ಎಸ್9 ಎಫ್‌ಇ ಜೊತೆಗೆ ಪೆನ್ ಬಾಕ್ಸಿನಲ್ಲೇ ಬರುತ್ತದೆ, ಬರೆಯೋಕೆ ಚಾರ್ಜೂ ಬೇಡ. ಐಪ್ಯಾಡಿಗೆ ಪೆನ್ಸಿಲ್ ಬೇರೆ ಕೊಳ್ಳಬೇಕು, ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಗಿರಿ ನೋಟ, ಚಿಕ್ಕಮಗಳೂರು:

ಮಳೆ ಸರ್, ಅಡ್ಡ ಹಿಡಿದು ಒಂದು ಪುಟಕ್ಕೆ ಮೂರು ಸಲ ಜರುಗಿಸಿದರೆ 70 ಪುಟಕ್ಕೆ 210 ಸಲ ಆಯಿತು. ಅಂಥ ವರದಿ ಎಷ್ಟಿವೆಯೋ ಮೇಡಂ ಹತ್ತಿರ.

ಆದರೆ ನೀವು ಹೇಳಿದ ಮೇಲೆ ಒಂದು ಹೊಳೆಯಿತು. ಪ್ರಾಜೆಕ್ಟ್ ವರದಿಗೆ ಬೈಂಡಿಂಗ್‌ಗೋಸ್ಕರ ಎಡಕ್ಕೆ ಒಂದೂವರೆ ಇಂಚು, ಬಲಕ್ಕೆ ಒಂದು ಇಂಚು ಬಿಡಿಸುವ ಕ್ರಮ ಇದೆಯಲ್ಲ. 210ರಲ್ಲಿ ಅದು ಕಳೆದರೆ ಬರಹದ ಅಗಲ ಉಳಿಯುವುದು 146 ಮಿಮೀ ಚಿಲ್ಲರೆ. ಅಂದರೆ ಕ್ಸೋಡೋ ಥರದ ಪಿಡಿಎಫ್ ಆ್ಯಪ್‌ನಲ್ಲಿ ಅಂಚು ಕ್ರಾಪ್ ಮಾಡಿದರೆ 10.9 ಇಂಚಿನಲ್ಲೂ ಅಕ್ಷರ ಹಾಳೆಯಷ್ಟೇ ದೊಡ್ಡದು ಕಾಣುತ್ತದೆ. ನೆಟ್ಟಗೇ ಹಿಡಿದು!

ಲೆಡ್ಜರ್ ಮೇಡಂ, ಹಾಸನ:

ಅಂಚು ತೆಗೆದರೆ ನಾನು ಬರೆಯುವುದು ಎಲ್ಲಿ ಸರ್? ಮೇಷ್ಟರ ಜಾಗವೇ ಅದು.

ಗಿರಿ ನೋಟ, ಚಿಕ್ಕಮಗಳೂರು:

ಅಯ್ಯೋ ಹೌದು, ಅದನ್ನು ಯೋಚಿಸಲೇ ಇಲ್ಲ. ಹಾಗಾದರೆ 12.4 ಇಂಚಿನ ಎಫ್‌ಇ ಪ್ಲಸ್ ನೋಡಿ. ಅಗಲ 167. ಬರಹಕ್ಕೆ 147 ಹೋದರೆ ನಿಮ್ಮ ಕೆಂಪು ಪೆನ್ನಿಗೆ 20 ಮಿಮೀ ಉಳಿಯುತ್ತದೆ. ಎಡಗಡೆ ಪೂರ್ತಿ ಕ್ರಾಪ್ ಮಾಡಿ, ಬಲಗಡೆ ಸ್ವಲ್ಪ ಬಿಡಿ. ತೂಕ 627 ಗ್ರಾಂ, ಮಳೆ ಸರ್ ಬೈಯಬಹುದು.

ಮೂಡಿಗೆರೆ ಮಳೆ:

ಬೈಯಲ್ಲ. ಓಡಾಡಿಕೊಂಡು ಪಾಠ ಮಾಡುತ್ತೀರಾ, ಮೇಜಿನ ಮೇಲಿಟ್ಟು ಮಾಡುತ್ತೀರಾ ಅಂತ ಮೇಡಂ ಹೇಳಲೇ ಇಲ್ಲ. ಮೇಜಾದರೆ ಅದೇ ತಗೊಳ್ಳಿ. ಇನ್ನೊಂದು, ಎಫ್‌ಇ ಎರಡೂ ಸೈಜಿನ ಟೈಪ್ ಸಿ ಪೋರ್ಟಿನಿಂದ ವೈರ್ ಹಾಕಿ ಪ್ರೊಜೆಕ್ಟರ್‌ಗೆ ಚಿತ್ರ ಕಳಿಸೋಕೆ ಆಗಲ್ಲ, ಅದು ಯುಎಸ್‌ಬಿ 2.0. ಕ್ಲಾಸಿನ ಲ್ಯಾಪ್‌ಟಾಪ್ ಪ್ರೊಜೆಕ್ಟರ್‌ಗೆ ಹಾಕಿ, ಟ್ಯಾಬಿನಿಂದ ಗೂಗಲ್ ಮೀಟ್‌ಗೆ ಸೇರಿ ಸ್ಕ್ರೀನ್ ಶೇರ್ ಮಾಡಿ. ಮೈಕ್ ಆಫ್ ಮಾಡೋಕೆ ಮರೆಯಬೇಡಿ, ಇಲ್ಲದಿದ್ದರೆ ಕುಯ್ಯ್ ಅಂತ ಕೂಗುತ್ತದೆ.

ಲೆಡ್ಜರ್ ಮೇಡಂ, ಹಾಸನ:

ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಎ5 ಜೆರಾಕ್ಸನ್ನು ಬಸ್ಸಿನಲ್ಲಿ ಓದುತ್ತಾ ಬಂದೆ, ಶಾಂತಿಗ್ರಾಮ ಬರುವಷ್ಟರಲ್ಲಿ ತಲೆನೋವು. ಮಾರನೇ ದಿನ ಸ್ಕೇಲ್ ಹಿಡಿದುಕೊಂಡೇ ಅಂಗಡಿಗೆ ಹೋದೆ. ಪರದೆ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ನೋಡಿ ಅಲ್ಲಿನ ಹುಡುಗ ನಗುತ್ತಿದ್ದ, ಸೀರೆ ಅಂಗಡಿ ಅಲ್ಲ ಮೇಡಂ ಅಂದ. ಮೇಜಿನ ಮೇಲಿಟ್ಟೇ ಪಾಠ ಮಾಡುವವಳು ನಾನು, 12.4 ತಗೊಂಡೆ.

ತಿದ್ದೋಕೆ ನಿಜಕ್ಕೂ ಹಿತವಾಗಿದೆ. ಮೂರು ದಿನದಲ್ಲಿ ಒಂಬತ್ತು ವರದಿ ಮುಗಿಸಿದೆ. ಒಂದೇ ತೊಂದರೆ: ತಿದ್ದಿ ಕಳಿಸಿದ್ದನ್ನು ಇಬ್ಬರು ಹುಡುಗರು ಮೊಬೈಲಿನಲ್ಲಿ ತೆಗೆದು, ‘ಮೇಡಂ ಏನೂ ತಪ್ಪಿಲ್ವಾ’ ಅಂತ ಖುಷಿಯಿಂದ ಕೇಳುತ್ತಿದ್ದಾರೆ. ಅವರಿಗೆ ಒಂದೂ ಕೆಂಪು ಗೀಟು ಕಾಣುತ್ತಿಲ್ಲವಂತೆ. ನನ್ನ ಟ್ಯಾಬಿನಲ್ಲಿ ಪುಟ ಪೂರ್ತಿ ಕೆಂಪಗಿದೆ!

ಮೂಡಿಗೆರೆ ಮಳೆ:

ನೀವು ಬರೆದದ್ದು ಪಿಡಿಎಫ್ ಮೇಲೆ ಬೇರೆ ಪದರವಾಗಿ ಕೂತಿರುತ್ತದೆ, ಮೊಬೈಲಿನ ಕೆಲವು ಆ್ಯಪ್‌ಗಳು ಅದನ್ನು ತೋರಿಸುವುದಿಲ್ಲ. ಕಳಿಸುವ ಮುಂಚೆ ‘ಫ್ಲ್ಯಾಟನ್’ ಮಾಡಿ ಇನ್ನೊಂದು ಕಾಪಿ ಸೇವ್ ಮಾಡಿ, ಆ ಕಾಪಿ ಕಳಿಸಿ. ಗೀಟು ಪುಟಕ್ಕೇ ಅಂಟಿಕೊಳ್ಳುತ್ತದೆ. ಫ್ಲ್ಯಾಟನ್ ಮಾಡದ ಮೂಲ ಫೈಲ್ ನಿಮ್ಮ ಹತ್ತಿರ ಇರಲಿ, ಆಮೇಲೆ ಅಳಿಸಬೇಕು ಅಂದರೆ ಅದರಲ್ಲೇ ಆಗುವುದು.

ಬಿಎಂ ರೋಡ್ ಬಾಬು, ಹಾಸನ:

ಪಾಪ, ಆ ಇಬ್ಬರಿಗೆ ಇನ್ನೊಂದು ದಿನ ಬಿಟ್ಟು ಕಳಿಸಿ ಮೇಡಂ.